ಅರವತ್ತೊಂದು ಸೋರಿಕೆ

ಮೂರನೆಯ ಹಾಡಿನಲ್ಲಿ, ಒಂದು ನಿಮಿಷ ನಲವತ್ತೆರಡನೆಯ ಸೆಕೆಂಡಿನಲ್ಲಿ, ಅವಳಿದ್ದಳು.

ಮಿಸ್ಬಾ ರೆಕಾರ್ಡಿಂಗನ್ನು ಹಿಂದಕ್ಕೆಳೆದು ಮತ್ತೊಮ್ಮೆ ಕೇಳಿದಳು. ಪಿಟೀಲುಗಳು ನಿಂತು ಕೊಳಲು ಇನ್ನೂ ಶುರುವಾಗಿರದ ಸಂದು. ಆ ಸಂದಿನಲ್ಲಿ, ಮುಚ್ಚಿದ ಬಾಗಿಲಿನಾಚೆ ಯಾರೋ ತೊಟ್ಟಿಲು ತೂಗುತ್ತಿದ್ದಾರೆನ್ನುವಷ್ಟು ಸಣ್ಣಗೆ, 'ತಾಯೆ' ಎಂಬ ಮಾತಿನ ಉತ್ತರಾರ್ಧ. ಅನುಮಾನವಿರಲಿಲ್ಲ. ಸ್ಕೇಲು ಹಿಡಿದು ಮನೆಗಳನ್ನು ಎಳೆದಿಟ್ಟುಕೊಂಡಿದ್ದ ನೋಟ್‌ಬುಕ್ಕಿನಲ್ಲಿ ಬರೆದಳು. ಕ್ರಮಸಂಖ್ಯೆ ಇಪ್ಪತ್ತಾರು. ಹಾಡು ಮೂರು. 1:42.3. ಷರಾ: ತೆಗೆಯಬೇಕು.

ಹಿಂದಿನ ಇಪ್ಪತ್ತೈದು ಸಾಲುಗಳ ಷರಾವೂ ಅದೇ ಆಗಿತ್ತು. ಇನ್ನು ಮುಂದೆ 'ಮೇಲಿನಂತೆ' ಎಂದು ಬರೆದರೆ ಸಾಕೆಂದು ಅವಳಿಗೆ ತೋರಿತು.

"ಎಷ್ಟಾಯ್ತು?" ಎಂದ ಮನೋಹರ್, ಟೀ ಲೋಟದಿಂದ ಬಾಯಿ ತೆಗೆಯದೆ.

"ಇಪ್ಪತ್ತಾರು."

"ಅಪ್ಪಾ! ಒಂದಾಳು ಇಷ್ಟೊಂದು ಸೋರ್ತದಾ?" ಎಂದು ಅವನು ನಕ್ಕ. "ಮಧ್ಯಾಹ್ನದೊಳ್ಗೆ ಮುಗಿಸ್ಬುಡಿ ಮಿಸ್ಬಾ. ಮೇಡಂ ಬತ್ತಾವ್ರೆ."

ಮೇಡಂ ಎಂದರೆ ಹಾಡುಗಾರ್ತಿ ವೈಜಯಂತಿ. ಅವರ ಗೌರಿ ಹಬ್ಬದ ಆಲ್ಬಂ 'ಮೊರದ ಬಾಗಿನ'ದಲ್ಲಿ ಎಂಟು ಹಾಡು, ಮೂವತ್ತೆರಡು ವಾದ್ಯಗಾರರ ಆರ್ಕೆಸ್ಟ್ರಾ. ಹಬ್ಬಕ್ಕೆ ಇನ್ನು ಹತ್ತೊಂಬತ್ತು ದಿನವಿತ್ತು. ರಾಗ ಹಾಕಿ ಕೂಡಿಸಿದವನು ಮನೋಹರ್. ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯ ಮೇಲಿನ ಈ ಒಂದೂವರೆ ಕೋಣೆಯ ಸ್ಟುಡಿಯೋದವನಿಗೆ ಅಂಥವರ ಕೆಲಸ ಸಿಕ್ಕಿದ್ದು ಇದೇ ಮೊದಲು.

ಮೇಡಂ ಮೊದಲು ಹಾಡುವುದಿಲ್ಲ. ದೊಡ್ಡವರು ಯಾರೂ ಮೊದಲು ಹಾಡುವುದಿಲ್ಲ. ಇನ್ನೊಬ್ಬರು ಹಾಡಿ ಇಟ್ಟಿರಬೇಕು. ಆ ದನಿಯನ್ನು ಕಿವಿಗೆ ಹಾಕಿಕೊಂಡು ವಾದ್ಯದವರು ನುಡಿಸುತ್ತಾರೆ. ಆಮೇಲೆ ಅದೇ ದನಿಯನ್ನು ಕಿವಿಗೆ ಹಾಕಿಕೊಂಡು ಮೇಡಂ ಹಾಡುತ್ತಾರೆ. ಆಮೇಲೆ ಆ ದನಿಯನ್ನು ಅಳಿಸುತ್ತಾರೆ. ಅದಕ್ಕೆ ಟ್ರ್ಯಾಕ್ ಎಂದು ಹೆಸರು. ಹಾಡಿದವರಿಗೂ ಅದೇ ಹೆಸರು. ಈ ಆಲ್ಬಂಗೆ ಟ್ರ್ಯಾಕ್ ಹಾಡಿದವಳು ಮಿಸ್ಬಾ.

"ಸೆಂಟ್ರಿಂಗ್ ಹಲಗೆ ಇದ್ದಂಗೆ," ಎಂದು ಮನೋಹರ್ ಮೊದಲ ದಿನವೇ ವಿವರಿಸಿದ್ದ. "ಮೋಲ್ಡು ಗಟ್ಟಿ ಆಗೋವರ್ಗೂ ಬೇಕು. ಆಮೇಲೆ ಬಿಚ್ಚುಬುಡ್ಬೇಕು. ಬಿಚ್ಚದೆ ಹಂಗೇ ಬುಟ್ರೆ ಅದು ಮನೆ ಅನ್ನಿಸ್ಕೊಳಲ್ಲ."

ಹೋಲಿಕೆ ನಿಖರವಾಗಿದೆಯೆಂದು ಮಿಸ್ಬಾಳಿಗೆ ಅನ್ನಿಸಿತ್ತು. ನಿಖರವಾದದ್ದರ ಬಗ್ಗೆ ಅವಳಿಗೆ ಗೌರವವಿತ್ತು. ರಾಮನಗರದ ಕಾಲೇಜೊಂದರಲ್ಲಿ ಅವಳು ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ.

ಈ ಸಲ ಹಲಗೆ ಪೂರ್ತಿ ಬಿಚ್ಚಿರಲಿಲ್ಲ. ಬೆಂಗಳೂರಿನ ದೊಡ್ಡ ಹಾಲಿನಲ್ಲಿ ಆರ್ಕೆಸ್ಟ್ರಾ ನುಡಿಸಿದ ನಾಲ್ಕು ದಿನವೂ ಹೆಡ್‌ಫೋನುಗಳ ಸದ್ದನ್ನು ಯಾರೋ ಹೆಚ್ಚು ಇಟ್ಟಿದ್ದರು. ಮೂವತ್ತೆರಡು ಜೊತೆ ಕಿವಿಗಳ ಅಂಚಿನಿಂದ ಮಿಸ್ಬಾಳ ದನಿ ಸೋರಿ ಪಿಟೀಲಿನ ಮೈಕುಗಳಿಗೆ ಬಿದ್ದಿತ್ತು. ಎಲ್ಲ ವಾದ್ಯಗಳೂ ಮೊಳಗುವಾಗ ಅದು ಕೇಳುವುದಿಲ್ಲ. ವಾದ್ಯಗಳು ಉಸಿರೆಳೆದುಕೊಳ್ಳುವ ಕಡೆ ಕೇಳುತ್ತದೆ. ಮೇಡಂ ತಾಳಕ್ಕಿಂತ ಅರೆಕ್ಷಣ ತಡವಾಗಿ ಎತ್ತಿಕೊಂಡ ಕಡೆಯಲ್ಲೆಲ್ಲ ಮಿಸ್ಬಾ ಮೊದಲೇ ಬಂದು ನಿಂತಿರುತ್ತಾಳೆ.

ಅದನ್ನು ಹುಡುಕಿ ಗುರುತು ಹಾಕಿಕೊಡಬೇಕಿತ್ತು. ಗುರುತು ಸಿಕ್ಕರೆ ಮನೋಹರ್ ಆ ಜಾಗಕ್ಕೆ ಬೇರೆ ಕಡೆಯಿಂದ ಕತ್ತರಿಸಿ ತಂದ ಪಿಟೀಲಿನ ತೇಪೆ ಹಚ್ಚುತ್ತಾನೆ.

"ನನ್ ಕಿವೀಗೆ ಅರ್ಧ ಸಿಕ್ಕಲ್ಲ," ಎಂದು ಅವನು ಫೋನಿನಲ್ಲಿ ಹೇಳಿದ್ದ. "ನಿಮ್ಮ ದನಿ ನಿಮ್ಗೇ ಬೇಗ ಗೊತ್ತಾಗ್ತದೆ. ಒಸಿ ಬಂದು ಹಿಡ್ಕೊಡಿ."

ಅವಳು ಯಾಕೆ ಒಪ್ಪಿಕೊಂಡಳೆಂಬ ಪ್ರಶ್ನೆಯನ್ನು ಈ ಬೆಳಿಗ್ಗೆ ರಾಮನಗರದಿಂದ ಬರುವ ಬಸ್ಸಿನಲ್ಲಿ ಅವಳೇ ಹಾಕಿಕೊಂಡಿದ್ದಳು. ಕೆಲಸ ಅಚ್ಚುಕಟ್ಟಾಗಬೇಕು ಎಂಬುದು ಒಂದು ಉತ್ತರ. ಬೇರೆಯವರು ಮಾಡಿದರೆ ತಪ್ಪು ಮಾಡುತ್ತಾರೆ ಎಂಬುದು ಎರಡನೆಯದು. ಮೂರನೆಯದು ಹೊಳೆಯುವ ಮೊದಲೇ ಬಸ್ಸು ಚನ್ನಪಟ್ಟಣದ ನಿಲ್ದಾಣಕ್ಕೆ ತಿರುಗಿತ್ತು.

ಕಾಲೇಜಿನಲ್ಲಿ ಲ್ಯಾಬ್ ಇದೆಯೆಂದು ಮನೆಯಲ್ಲಿ ಹೇಳಿ ಬಂದಿದ್ದಳು.

"ಲ್ಯಾಬಾ?" ಎಂದಿದ್ದ ಅವಳ ತಂದೆ ಖಾಸಿಂ, ರೇಷ್ಮೆ ಬಿಚ್ಚುವ ಬಾಣಲೆಯ ಬಿಸಿನೀರಿನಿಂದ ಕಣ್ಣೆತ್ತದೆ.

"ಹ್ಞೂಂ ಅಬ್ಬಾ."

"ಶುಕ್ರವಾರದ ಲ್ಯಾಬೆಲ್ಲ ನಿನ್ಗೇ ಕೊಡ್ತಾರೆ."

"ಬೇರೆಯವರು ರಜೆ ಕೇಳ್ತಾರೆ."

ಖಾಸಿಂ ಕುಕ್ಕೆಯಿಂದ ಒಂದು ಗೂಡನ್ನೆತ್ತಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ಮೂವತ್ತೈದು ವರ್ಷದಿಂದ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಮೊದಲು ಅವನು ಮಾಡುತ್ತಾ ಬಂದ ಕೆಲಸ ಅದು. ಒಳಗಿನ ಹುಳು ಸರಿಯಾಗಿದ್ದರೆ ಸದ್ದು ಬರುತ್ತದೆ. ಸತ್ತು ಕರಗಿ ಗೋಡೆಗೆ ಅಂಟಿಕೊಂಡಿದ್ದರೆ ಬರುವುದಿಲ್ಲ. ಮಿಸ್ಬಾ ಐದು ವರ್ಷದವಳಿದ್ದಾಗ ಅವಳ ಕಿವಿಗೂ ಒಂದನ್ನು ಹಿಡಿದು, "ಸುನ್ ಬೇಟಾ, ಮಾತಾಡ್ತದೆ," ಎಂದಿದ್ದ. ಕೇಳುವುದನ್ನು ಅವಳು ಕಲಿತದ್ದು ಅಲ್ಲಿ. ಈ ಬೆಳಿಗ್ಗೆ ಅವನು ಅಲ್ಲಾಡಿಸಿದ್ದು ಗೂಡನ್ನೋ ಅವಳ ಮಾತನ್ನೋ ಎಂಬುದು ಅವಳಿಗೆ ಸ್ಪಷ್ಟವಾಗಲಿಲ್ಲ.

ಹೆಸರು ಹಾಕಬಾರದೆಂದು ಷರತ್ತು ಹಾಕಿದ್ದವಳು ಅವಳೇ. ಮೊದಲ ದಿನವೇ, ಬೆರಳು ಮಡಿಚಿ, ಮೂರು ಷರತ್ತು: ಹೆಸರು ಬೇಡ, ಫೋಟೋ ಬೇಡ, ಕೆಳಗಿನವರಿಗೆ ತಿಳಿಯಬಾರದು. ಮನೋಹರ್ ಎಷ್ಟು ಬೇಗ ಒಪ್ಪಿದನೆಂದರೆ ಅವಳಿಗೆ ಒಂದು ಕ್ಷಣ ಅವಮಾನವಾಗಿತ್ತು.

ಕೆಳಗಿನವರೆಂದರೆ ಉಜೈರನ ಗೊಂಬೆ ಕಾರ್ಖಾನೆ. ಏಳು ಮೆಷಿನ್ನುಗಳಲ್ಲಿ ಹಾಲೆಮರದ ತುಂಡುಗಳು ಬೆಳಗಿನಿಂದ ಸಂಜೆಯವರೆಗೆ ತಿರುಗುತ್ತವೆ. ಅವುಗಳ ಗುಂಯ್ ಸದ್ದು ನೆಲ ತೂರಿ ಮೈಕಿಗೆ ಏರುತ್ತದೆ. ಅದು ನಿಲ್ಲುವುದು ವಾರಕ್ಕೊಮ್ಮೆ. ಶುಕ್ರವಾರ ಒಂದು ಗಂಟೆಗೆ ಗಂಡಸರು ಕೈಕಾಲು ತೊಳೆದುಕೊಂಡು ನಮಾಜಿಗೆ ಹೋದರೆ ಎರಡರವರೆಗೆ ಕಟ್ಟಡ ಮೌನವಾಗಿರುತ್ತದೆ. ಮನೋಹರನ ರೆಕಾರ್ಡಿಂಗೆಲ್ಲ ಆ ಒಂದು ಗಂಟೆಯಲ್ಲೇ. ಬೇಸಗೆಯ ನಾಲ್ಕು ಶುಕ್ರವಾರ ಆ ಮೌನದಲ್ಲಿ ನಿಂತು ಮಿಸ್ಬಾ ಮೇಡಂಗೋಸ್ಕರ ಗೌರಿಯನ್ನು ಕರೆದಿದ್ದಳು.

ಗೋಡೆಗಳ ತುಂಬ ಚಂದ್ರಿಕೆಗಳು. ಮನೋಹರನ ತಂದೆ ಬೋರಲಿಂಗಯ್ಯ ಸಾತನೂರಿನಲ್ಲಿ ಹುಳು ಸಾಕುವುದನ್ನು ಬಿಟ್ಟಾಗ ಮೂಲೆಗೆ ಸೇರಿದ್ದ, ಹುಳುಗಳು ಗೂಡು ಕಟ್ಟುವುದಕ್ಕೆಂದು ಸುತ್ತುಸುತ್ತಾಗಿ ಬಿದಿರು ಹೆಣೆದ ಆಳೆತ್ತರದ ತಟ್ಟಿಗಳವು. ಮಗ ಅವುಗಳ ಸುತ್ತುಗಳಿಗೆ ಹತ್ತಿ ತುಂಬಿ ಗೋಡೆಗೆ ಹೊಡೆದಿದ್ದ. ಸದ್ದು ಅವುಗಳೊಳಗೆ ಹೋದರೆ ಹಿಂದಿರುಗುತ್ತಿರಲಿಲ್ಲ.

ಹನ್ನೊಂದೂವರೆಗೆ ಮೂವತ್ತೆಂಟಾಯಿತು. ಅವಳು ಐದನೆಯ ಹಾಡನ್ನು ತೆರೆದಳು.

ಕೆರೆಯ ಮಣ್ಣಿನಿಂದ ಗೌರಿಯನ್ನು ಮಾಡುವ ಹಾಡು ಅದು. 'ಮಣ್ಣಾಗಿ ಬಂದೆಯಾ ಗೌರಿ' ಎಂದು ಪಲ್ಲವಿ. ಪಲ್ಲವಿಗೂ ಮೊದಲು ದೊಡ್ಡ ಪಿಟೀಲೊಂದು ಒಂದೇ ಸ್ವರವನ್ನು ಕೆರೆಯ ಏರಿಯ ಹಾಗೆ ಉದ್ದಕ್ಕೆ ಎಳೆಯುತ್ತದೆ. ಏಳನೆಯ ಸೆಕೆಂಡಿನಲ್ಲಿ ಆ ಎಳೆಯ ಹಿಂದಿನಿಂದ ಒಂದು ಉಸಿರು ಕೇಳಿಸಿತು. ಉಸಿರಿನ ತುದಿಗೆ 'ಆ' ಎಂಬ ಅರ್ಧ ಸ್ವರ. ಸ್ವರ ಮೇಲೇರುವಾಗ ಒಂದು ಕಡೆ ಸ್ವಲ್ಪವೇ ಸೀಳಿತು, ಸೀಳಿದ್ದನ್ನು ಮುಚ್ಚಿಕೊಳ್ಳದೆ ಹಾಗೆಯೇ ನಿಂತಿತು.

ಅವಳ ಪೆನ್ನು ನೋಟ್‌ಬುಕ್ಕಿನ ಮೇಲೆ ನಿಂತಿತು.

ಇನ್ನೊಮ್ಮೆ ಕೇಳಿದಳು. ಹನ್ನೊಂದು ಸಲ ಕೇಳಿದಳು; ಎಣಿಸುವುದು ಅವಳ ಅಭ್ಯಾಸ.

ತಾನು ಹೀಗೆ ಹಾಡಿದ್ದೆನೆಂಬುದು ಅವಳಿಗೆ ನೆನಪಿರಲಿಲ್ಲ. ನೆನಪಿಲ್ಲದಿರುವುದೇ ಪುರಾವೆಯಂತೆ ಕಂಡಿತು. ಎಚ್ಚರವಾಗಿ ಹಾಡಿದ್ದೆಲ್ಲ ಅವಳಿಗೆ ನೆನಪಿದೆ. ಇದು ಎಚ್ಚರ ತಪ್ಪಿದಾಗಿನದು. ನಿಧಾನವಾಗಿ ವಿವರಗಳು ಬಂದು ಕೂಡಿಕೊಂಡವು. ಅದು ಮೂರನೆಯ ಶುಕ್ರವಾರ. ಬೆಳಿಗ್ಗೆ ಏನೂ ತಿಂದಿರಲಿಲ್ಲ. ಫ್ಯಾನು ಆರಿಸಿದ್ದರು, ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಕಣ್ಣು ಮುಚ್ಚಿದ್ದಳು. ಹೌದು, ಮುಚ್ಚಿದ್ದಳು. ಹತ್ತು ನಿಮಿಷದಲ್ಲಿ ಆ ಉಸಿರಿಗೆ ಬೇಕಾದಷ್ಟು ಸಾಕ್ಷಿ ಸಿದ್ಧವಾಯಿತು.

ಇನ್ನೊಂದು ಸಾಕ್ಷಿ ಹಳೆಯದು. ಬೆಂಗಳೂರಿನಿಂದ ಬಂದ ದಿನ ಮನೋಹರ್ ಹೇಳಿದ್ದ: ವಯಸ್ಸಾದ ಪಿಟೀಲಿನವರೊಬ್ಬರು ನುಡಿಸುವುದನ್ನು ನಿಲ್ಲಿಸಿ, ಹೆಡ್‌ಫೋನು ತೆಗೆದು ಕೈಯಲ್ಲಿ ಹಿಡಿದು, "ಯಾರ್ರೀ ಇದು?" ಎಂದು ಕೇಳಿದ್ದರಂತೆ. ಮನೋಹರ್ "ಟ್ರ್ಯಾಕು" ಎಂದಿದ್ದನಂತೆ. ಯಾವ ಹಾಡಿನಲ್ಲಿ ಎಂದು ಅವಳು ಕೇಳಿರಲಿಲ್ಲ. ಆಸೆ ಕಾಣಿಸಿಕೊಳ್ಳುವುದು ಅವಳಿಗೆ ಇಷ್ಟವಿರಲಿಲ್ಲ. ಆದರೆ ಎರಡು ತಿಂಗಳಿಂದ ಆ ಪ್ರಶ್ನೆಯನ್ನು ತರಗತಿಗೂ ಸ್ಟಾಫ್ ರೂಮಿಗೂ ಒಯ್ಯುತ್ತಿದ್ದಳು. ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತ ಬೆನ್ನ ಹಿಂದೆ ಯಾರೋ ಹೆಡ್‌ಫೋನು ತೆಗೆದಂತೆ ಅವಳಿಗೆ ಅನ್ನಿಸುತ್ತಿತ್ತು. ಯಾರ್ರೀ ಇದು?

ಈಗ ಗೊತ್ತಾಯಿತು. ಇದಕ್ಕೇ ಕೇಳಿದ್ದು.

ಅವಳು ಮೂವತ್ತೊಂಬತ್ತು ಎಂದು ಬರೆದು, ಮುಂದೆ ಐದನೆಯ ಹಾಡಿನ ಐವತ್ತೆಂಟನೆಯ ಸೆಕೆಂಡನ್ನು ನಮೂದಿಸಿದಳು. ಏಳನೆಯ ಸೆಕೆಂಡು ನೋಟ್‌ಬುಕ್ಕಿಗೆ ಬರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಮಿಸ್ಬಾ ಬೇಕೆಂದೇ ಒಂದು ಅಳತೆಯನ್ನು ಬರೆಯದೆ ಬಿಟ್ಟದ್ದು ಇದೇ ಮೊದಲು.

ಒಂದು ಉಸಿರು, ಒಂದು ಅರ್ಧ ಸ್ವರ. ಹಬ್ಬದ ದಿನ ಊರೂರಿನ ಮನೆಗಳಲ್ಲಿ, ಪೆಂಡಾಲಿನ ಸ್ಪೀಕರುಗಳಲ್ಲಿ, ಬಸ್ಸುಗಳಲ್ಲಿ ಅದು ಇರುತ್ತದೆ. ಯಾರಿಗೂ ತಿಳಿಯುವುದಿಲ್ಲ. ತನಗೆ ತಿಳಿದಿದ್ದರೆ ಸಾಕು.

ಹನ್ನೆರಡೂಕಾಲಿಗೆ ಎಂಟೂ ಹಾಡು ಮುಗಿದವು. ಒಟ್ಟು ಅರವತ್ತೊಂದು. ಕೆಳಗೆ ಎರಡು ಗೆರೆ ಎಳೆದು ದಿನಾಂಕ ಹಾಕಿ ಮನೋಹರನಿಗೆ ಕೊಟ್ಟಳು. ಅವನು ಅವಳೆದುರಿಗೇ ಕುಳಿತು ಅಳಿಸತೊಡಗಿದ. ಅವನ ಬೆರಳು ಚುರುಕು. ಒಂದೊಂದಕ್ಕೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ. ಪ್ರತಿ ಸಲ ಅಳಿಸಿ ತೇಪೆ ಹಚ್ಚಿ ಮತ್ತೆ ಕೇಳಿಸುತ್ತಿದ್ದ.

"ಇದೀರಾ?"

"ಇಲ್ಲ."

"ಇಲ್ಲಿ?"

"ಇಲ್ಲ."

"ಇಲ್ಲಿ ಇನ್ನೂ ಒಸಿ ಇದೀರ ಅನ್ಸುತ್ತೆ."

"ಒಂಚೂರು ಹಿಂದಿನಿಂದ ಕತ್ತರಿಸಿ ಸರ್. ಈಗ ಇಲ್ಲ."

ವೈಜಯಂತಿ ಮೇಡಂ ಒಂದಕ್ಕೆ ಹತ್ತು ನಿಮಿಷವಿರುವಾಗ ಬಂದರು. ಮೈಸೂರಿನಲ್ಲಿ ಸಂಜೆ ಕಾರ್ಯಕ್ರಮವಿತ್ತು. ದಾರಿಯಲ್ಲಿ ಇಳಿದು ಐದನೆಯ ಹಾಡಿನ ಎರಡು ಸಾಲು ಮತ್ತೆ ಹಾಡಿಕೊಟ್ಟು ಹೋಗುವುದೆಂದು ಮಾತಾಗಿತ್ತು. ಮೆಟ್ಟಿಲು ಹತ್ತಿ ಏದುಸಿರಿನಲ್ಲೇ ಗೋಡೆಗಳನ್ನು ನೋಡಿದರು.

"ಇದೇನ್ರೀ ಮನೋಹರ್, ಹುಳದ ಮನೇನಾ?"

"ನಮ್ಮಪ್ಪನ ಆಸ್ತಿ ಮೇಡಂ. ನನ್ ಪಾಲಿಗೆ ಬಂದಿದ್ದು ಇಷ್ಟೇಯ."

ಮೇಡಂ ನಕ್ಕರು. ಆಮೇಲೆ ಮಿಸ್ಬಾಳನ್ನು ನೋಡಿದರು.

"ಟ್ರ್ಯಾಕ್ ಹಾಡಿದ್ದು ನೀನೇನಮ್ಮ?"

"ಹೌದು ಮೇಡಂ."

"ತುಂಬಾ ಅನುಕೂಲ ಆಯ್ತು. ಕೆಲವರು ಟ್ರ್ಯಾಕಲ್ಲಿ ತಮ್ಮದೇನೋ ಭಾವ ಗೀವ ತುಂಬಿಬಿಡ್ತಾರೆ, ಅದನ್ನ ತಲೆಯಿಂದ ತೆಗೆಯೋಕೆ ನನಗೆ ಎರಡು ದಿನ ಬೇಕಾಗುತ್ತೆ. ನಿಂದು ಸುಣ್ಣ ಬಳಿದ ಗೋಡೆ ಹಾಗಿತ್ತು. ಮೇಲೆ ಏನು ಬೇಕಾದ್ರೂ ಬರೀಬಹುದು." ಕೈಚೀಲದಿಂದ ಲವಂಗ ತೆಗೆದು ಬಾಯಿಗೆ ಹಾಕಿಕೊಂಡರು. "ಓದ್ತಿದ್ದೀಯಾ?"

"ಪಾಠ ಮಾಡ್ತೀನಿ. ಫಿಸಿಕ್ಸ್."

"ಅದೇ ಅಂದ್ಕೊಂಡೆ," ಎಂದರು ಮೇಡಂ.

ಕೆಳಗೆ ಮೆಷಿನ್ನುಗಳು ಒಂದೊಂದಾಗಿ ನಿಂತವು. ಉಜೈರನ ದನಿ ಮೆಟ್ಟಿಲಿನ ಬುಡದಿಂದ ಬಂತು. "ಮನೋಹರಣ್ಣಾ, ಬಂದ್ ಆಯ್ತು! ಎರಡು ಗಂಟೆ ತನಕ ನಿಮ್ದೇ ರಾಜ್ಯ." ಮಿಸ್ಬಾ ಅಭ್ಯಾಸದಂತೆ ಬಾಗಿಲಿನಿಂದ ಹಿಂದಕ್ಕೆ ಸರಿದು ನಿಂತಳು.

ಮೇಡಂ ಗಾಜಿನ ಹಿಂದೆ ನಿಂತು ಹೆಡ್‌ಫೋನು ಹಾಕಿಕೊಂಡರು. ಮನೋಹರ್ ಐದನೆಯ ಹಾಡನ್ನು ಮೊದಲಿನಿಂದ ಬಿಟ್ಟ. ದೊಡ್ಡ ಪಿಟೀಲು ಎಳೆಯತೊಡಗಿತು. ಮಿಸ್ಬಾ ಮನಸ್ಸಿನಲ್ಲೇ ಎಣಿಸಿದಳು. ಐದು. ಆರು. ಏಳು.

ಮೇಡಂ ಕೈಯೆತ್ತಿದರು. "ನಿಲ್ಲಿಸಿ. ಇಲ್ಲಿ ಯಾರೋ ಇದ್ದಾರಲ್ಲ."

ಮನೋಹರ್ ನೋಟ್‌ಬುಕ್ಕಿನ ಮೇಲೆ ಬೆರಳಾಡಿಸಿದ. ಬೆರಳು ಮೂವತ್ತೆಂಟರಿಂದ ಮೂವತ್ತೊಂಬತ್ತಕ್ಕೆ ಇಳಿಯಿತು, ಮತ್ತೆ ಮೇಲಕ್ಕೆ ಹೋಯಿತು.

"ಮಿಸ್ಬಾ, ಏಳನೇ ಸೆಕೆಂಡು ಬಿಟ್ಟೋಗೈತೆ."

"ನನಗೆ ಕೇಳಿಸಲಿಲ್ಲ ಸರ್."

ಸುಳ್ಳು ಸರಾಗವಾಗಿ ಬಂತು.

"ಪರ್ವಾಗಿಲ್ಲ ಬುಡಿ, ಈಗ್ಲೇ ಎತ್ಹಾಕ್ತೀನಿ ಮೇಡಂ—"

"ತಾಳಿ, ತಾಳಿ." ಮೇಡಂ ಕಣ್ಣು ಕಿರಿದು ಮಾಡಿದರು. "ಇನ್ನೊಂದು ಸಲ ಹಾಕಿ."

ಹಾಕಿದ. ಉಸಿರು, ಅರ್ಧ ಸ್ವರ, ಸೀಳು. ಕಟ್ಟಡದ ಮೌನದಲ್ಲಿ ಅದು ಕೋಣೆಯೊಳಗೇ ಯಾರೋ ನಿಂತಂತೆ ಕೇಳಿತು. ಮೇಡಂ ಹೆಡ್‌ಫೋನು ತೆಗೆದು ಕೈಯಲ್ಲಿ ಹಿಡಿದರು.

"ಯಾರ್ರೀ ಇದು?"

ಎರಡು ತಿಂಗಳು ಬೆನ್ನ ಹಿಂದೆ ಕೇಳಿಸುತ್ತಿದ್ದ ಪ್ರಶ್ನೆ ಈಗ ಎದುರಿಗೆ ಬಂದು ನಿಂತಿತ್ತು. ಹೆಸರು ಬೇಡವೆಂದಿದ್ದಳು, ಕೇಳುತ್ತಿರುವುದು ಹೆಸರಲ್ಲ. ಹೇಳಬಹುದು. ಒಂದೇ ಮಾತು. ಮಿಸ್ಬಾ ಬಾಯಿ ತೆರೆದಳು.

"ಅದಾ? ಪುಟ್ಟೀದು ಮೇಡಂ," ಎಂದ ಮನೋಹರ್. "ಕೆಳಗೆ ಗೊಂಬೆಗೆ ಪಾಲಿಶ್ ಹಾಕ್ತಾಳೆ. ಮೊದ್ಲೆಲ್ಲ ನಂಗೆ ಅವಳೇ ಟ್ರ್ಯಾಕ್ ಹಾಡ್ತಿದ್ದಿದ್ದು. ಈ ಹಾಡಿಗೆ ಮಿಸ್ಬಾನೂ ಹಾಡಿದ್ರು, ಚೆನ್ನಾಗೇ ಹಾಡಿದ್ರು, ಆದ್ರೆ ಈ ಮೊದಲ್ನೇದು ಯಾಕೋ ಕೂರ್ಲಿಲ್ಲ. ಪುಟ್ಟೀದೇ ಹಳೇದೊಂದಿತ್ತು, ಅಂಟಿಸ್ಬುಟ್ಟೆ. ಆರ್ಕೆಸ್ಟ್ರಾದಲ್ಲೂ ಒಬ್ರು ಪಿಟೀಲಿನೋರು ಇಲ್ಲೇ ನಿಲ್ಸಿ ಕೇಳಿದ್ರು." ಅವನು ಮಿಸ್ಬಾಳ ಕಡೆ ತಿರುಗಿದ. "ನಿಮ್ಗೆ ಹೇಳಿದ್ನಲ್ಲ?"

"ಹೇಳಿದ್ರಿ," ಎಂದಳು ಮಿಸ್ಬಾ.

ತೆರೆದ ಬಾಯಿಯನ್ನು ಏನಾದರೂ ಮಾಡಬೇಕಿತ್ತು. ಅವಳು ಕೆಮ್ಮಿದಳು.

"ಕರೀರಿ ಅವಳನ್ನ, ನೋಡೋಣ," ಎಂದರು ಮೇಡಂ.

ಪುಟ್ಟಿ ಬಂದಳು. ಮೂವತ್ತರ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಎಡಗೈಯ ಉಗುರುಗಳಲ್ಲಿ ಅರಗಿನ ಕೆಂಪು. ಬಲಗೈ ಎಂಜಲಾಗಿತ್ತು, ಬೆರಳುಗಳನ್ನು ಮೇಲಕ್ಕೆ ಹಿಡಿದುಕೊಂಡೇ ನಿಂತಳು.

"ಉಣ್ತಿದ್ದೆ ಮನೋರಣ್ಣ. ಅದೇನ್ ಅಂಗ್ ಬಡ್ಕೊಂಡೆ, ಬೆಂಕಿ ಬಿದ್ದಂಗೆ?"

ಮನೋಹರನೇ ಅವಳ ಕಿವಿಗೆ ಹೆಡ್‌ಫೋನು ಹಾಕಿದ. ಪುಟ್ಟಿ ಕೇಳಿದಳು. ಹುಬ್ಬು ಮೇಲೇರಿತು, ನಗು ಬಂತು.

"ಇದು ನಾನಾ? ಅಯ್ ಬುಡಣ್ಣ! ಅವತ್ತು ನೆಗಡಿಯಾಗಿ ಗಂಟ್ಲು ಕಟ್ಟೋಗಿತ್ತು. ಆಗಕಿಲ್ಲ ಅಂದ್ರೆ, ಬರೀ ಉಸ್ರು ತಕ್ಕೊ ಸಾಕು ಅಂತ ನೀನೇ ನಿಲ್ಸಿದ್ದೆ."

"ನಿಂಗೆ ಗುರ್ತು ಸಿಕ್ತಾ?" ಎಂದರು ಮೇಡಂ ಕುತೂಹಲದಿಂದ.

"ನಮ್ ಉಸ್ರು ನಮಿಗ್ ಸಿಕ್ಕಾಕಿಲ್ವಾ ಮೇಡಮ್ಮೋರೆ?" ಎಂದ ಪುಟ್ಟಿಗೆ ಆಗ ಮಿಸ್ಬಾ ಕಂಡಳು. ಅವಳ ಮುಖದಲ್ಲಿ ಯಾವ ದ್ವೇಷವೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತೆಂದು ಮಿಸ್ಬಾಳಿಗೆ ಅನ್ನಿಸಿತು. "ಓ, ಅಕ್ಕಾರೂ ಇಲ್ಲೇ ಅವ್ರೆ! ಚೆಂದಾಗಿದ್ದೀರಾ ಅಕ್ಕ? ನನ್ ಉಸ್ರೆಲ್ಲ ತೂಕ ಹಾಕಿ ಬರ್ಕೊಟ್ಟಿದ್ರಲ್ಲ ಎರಡು ಹಾಳೆ, ಅದ್ನ ನಮ್ಮವ್ವ ದೇವ್ರ ಪಟದ್ ಹಿಂದೆ ಮಡಗವ್ಳೆ. ಸರ್ಟಿಫಿಕೇಟು ಅನ್ಕಂಡು!"

ಮನೋಹರ್ ಜೋರಾಗಿ ನಕ್ಕ. ಮೇಡಂ ಅರ್ಥವಾಗದಿದ್ದರೂ ನಕ್ಕರು. ಮಿಸ್ಬಾಳೂ ನಕ್ಕಳು, ಎಲ್ಲರೂ ನಿಲ್ಲಿಸುವಾಗ ಸರಿಯಾಗಿ ನಿಲ್ಲಿಸಿದಳು.

ಆ ಎರಡು ಹಾಳೆ ಅವಳಿಗೆ ನೆನಪಿತ್ತು. ಕಳೆದ ವರ್ಷ, ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ವಿವರಣೆ ಓದಲೆಂದು ಮೊದಲ ಸಲ ಇಲ್ಲಿಗೆ ಬಂದಾಗ, ಪುಟ್ಟಿ ಹಾಡಿದ್ದೊಂದನ್ನು ಕೇಳಿಸಿ ಮನೋಹರ್ "ಹೆಂಗೈತೆ?" ಎಂದಿದ್ದ. ಬೇರೆಯವರಾಗಿದ್ದರೆ ಚೆನ್ನಾಗಿದೆ ಎಂದುಬಿಡುತ್ತಿದ್ದರು. ಮಿಸ್ಬಾ ಮನೆಗೆ ಹೋಗಿ, ಅಳೆದು, ಪಟ್ಟಿ ಮಾಡಿ ತಂದಿದ್ದಳು. ಯಾವ ಸಾಲಿನಲ್ಲಿ ಶ್ರುತಿ ಎಷ್ಟು ಇಳಿದಿದೆ, ಎಲ್ಲಿ ಪದದ ನಡುವೆ ಉಸಿರು ತಗೊಂಡಿದ್ದಾಳೆ. ನಲವತ್ತಮೂರು ತಪ್ಪು. ಮುಂದಿನ ಶುಕ್ರವಾರ ಮನೋಹರ್ ಪುಟ್ಟಿಯನ್ನು ಮೇಲಕ್ಕೆ ಕರೆಯಲಿಲ್ಲ. ಅದನ್ನು ಕ್ರೌರ್ಯವೆಂದು ಮಿಸ್ಬಾ ಎಂದೂ ಭಾವಿಸಿರಲಿಲ್ಲ. ಅದು ಅಳತೆ.

"ಇದನ್ನ ತೆಗೀಬೇಡಿ ಮನೋಹರ್," ಎಂದರು ಮೇಡಂ. "ಒಂದು ಥರಾ ಮಣ್ಣಿನ ವಾಸನೆ ಇದೆ. ನಾನು ಇದರ ಮೇಲೇ ಎತ್ಕೋತೀನಿ."

"ಸರಿ ಮೇಡಂ. ಹೆಸ್ರು ಏನಾದ್ರೂ ಹಾಕೋದಾ ಇವಳ್ದು?"

"ಉಸಿರಿಗೆಲ್ಲ ಹೆಸರು ಹಾಕ್ತಾರೇನ್ರೀ?"

"ಹಾಕ್ಬ್ಯಾಡಿ ತಕ್ಕಳಿ," ಎಂದಳು ಪುಟ್ಟಿ. "ನಾನ್ ಓಗ್ಲಾ? ಮುದ್ದೆ ಆರೋಯ್ತದೆ."

ಅವಳು ಮೆಟ್ಟಿಲಿಳಿದು ಹೋದಳು. ಮೇಡಂ ಎರಡು ಸಾಲನ್ನು ಮೂರೇ ಸಲಕ್ಕೆ ಹಾಡಿ ಮುಗಿಸಿದರು. ಹೋಗುವಾಗ ಮಿಸ್ಬಾಳ ಭುಜ ತಟ್ಟಿ, "ಹೀಗೇ ಇರು. ಕೆಲಸ ಕಮ್ಮಿ ಆಗಲ್ಲ ನಿಂಗೆ," ಎಂದರು. ಮನೋಹರ್ ಅವರನ್ನು ಕಾರಿನವರೆಗೆ ಬಿಡಲು ಹೋದ.

ಎರಡಕ್ಕೆ ಇನ್ನು ಒಂಬತ್ತು ನಿಮಿಷವಿತ್ತು.

ಮಿಸ್ಬಾ ಮನೋಹರನ ಕುರ್ಚಿಯಲ್ಲಿ ಕುಳಿತು ಐದನೆಯ ಹಾಡನ್ನು ತೆರೆದಳು. ಮೇಡಂ ದನಿಯನ್ನು ಮುಚ್ಚಿ, ಆರ್ಕೆಸ್ಟ್ರಾ ಮಾತ್ರ ಉಳಿಸಿ, ಏಳನೆಯ ಸೆಕೆಂಡಿಗೆ ಹೋದಳು. ಅದೇ ಉಸಿರು. ಈಗ ಅದು ಸಂದೇಹಕ್ಕೆ ಎಡೆಯಿಲ್ಲದಂತೆ ಪುಟ್ಟಿಯದಾಗಿತ್ತು. ಮೂಗು ಕಟ್ಟಿದ್ದು ಕೂಡ ತಿಳಿಯುತ್ತಿತ್ತು. ಬೆವರು, ಫ್ಯಾನು, ಮುಚ್ಚಿದ ಕಣ್ಣು — ಅವೆಲ್ಲ ಯಾರವಾಗಿದ್ದವೋ ಅವಳಿಗೆ ಗೊತ್ತಾಗಲಿಲ್ಲ. ಅರವತ್ತೊಂದು ಕಡೆ ತನ್ನನ್ನು ಗುರುತಿಸಿ ಹಿಡಿದುಕೊಟ್ಟಿದ್ದಳು. ಅವುಗಳಲ್ಲಿ ಎಷ್ಟು ನಿಜವಾಗಿ ತನ್ನವು? ಪರಿಶೀಲಿಸಲು ಈಗ ಒಂದೂ ಉಳಿದಿರಲಿಲ್ಲ.

ಫೋನಿನಲ್ಲಿ ಶ್ರುತಿ ಅಳೆಯುವ ಆ್ಯಪ್ ಇತ್ತು. ಸ್ಪೀಕರಿನ ಮುಂದೆ ಹಿಡಿದಳು. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ನೂರು ಸೆಂಟ್. ಪುಟ್ಟಿಯ 'ಆ' ಹನ್ನೊಂದು ಸೆಂಟ್ ಕೆಳಗಿತ್ತು.

ನೋಟ್‌ಬುಕ್ಕನ್ನು ಹತ್ತಿರಕ್ಕೆಳೆದುಕೊಂಡಳು. ಮೊದಲು ಎಳೆದಿದ್ದ ಎರಡು ಗೆರೆಯ ಕೆಳಗೆ, ಅದೇ ದುಂಡನೆಯ ಅಕ್ಷರದಲ್ಲಿ: ಕ್ರಮಸಂಖ್ಯೆ ಅರವತ್ತೆರಡು. ಹಾಡು ಐದು. 0:07.0. ಷರಾ: ಮೇಲಿನಂತೆ.

ಮನೋಹರ್ ಮಾಡುತ್ತಿದ್ದುದನ್ನು ಅವಳು ಅರವತ್ತೊಂದು ಸಲ ನೋಡಿದ್ದಳು. ಉಸಿರಿನ ತಲೆಯಿಂದ ಸೀಳಿನ ತುದಿಯವರೆಗೆ ಪರದೆಯ ಮೇಲೆ ಬಣ್ಣ ಹಚ್ಚಿ ಆಯ್ದುಕೊಂಡಳು. ಒಂದು ಕೀಲಿ ಒತ್ತಿದಳು. ದೊಡ್ಡ ಪಿಟೀಲಿನ ಬೇರೊಂದು ತುಂಡನ್ನು ತಂದು ಜೋಡಿಸಿ, ಅಂಚುಗಳನ್ನು ಸವರಿ, ಉಳಿಸಿದಳು. ಮತ್ತೆ ಕೇಳಿದಳು. ಐದು, ಆರು, ಏಳು, ಎಂಟು. ಪಿಟೀಲು ನೇರವಾಗಿ ಎಳೆದುಕೊಂಡು ಹೋಯಿತು. ಕೆಲಸ ಅಚ್ಚುಕಟ್ಟಾಗಿತ್ತು. ಜೋಡಣೆ ಎಲ್ಲಿದೆಯೆಂದು ಮನೋಹರನಿಗೂ ಸಿಗಲಾರದು.

ಪಶ್ಚಾತ್ತಾಪಕ್ಕಾಗಿ ಅವಳು ಸ್ವಲ್ಪ ಹೊತ್ತು ಕಾದಳು. ಅದು ಬರಲಿಲ್ಲ. ಸಂತೋಷವೂ ಬರಲಿಲ್ಲ. ಕೆಳಗೆ ಪುಟ್ಟಿ ತಟ್ಟೆ ತೊಳೆಯುವ ಸದ್ದು, ಅದರ ಜೊತೆಗೆ ಏನೋ ಗುನುಗು.

ಮಿಸ್ಬಾ ಎದ್ದು ಗೋಡೆಯ ಕಡೆ ಹೋದಳು. ಅಲ್ಲಿ ನಿಂತು, ಮೆಲ್ಲಗೆ, 'ಆ' ಎಂದಳು. ಚಂದ್ರಿಕೆ ಅದನ್ನು ತೆಗೆದುಕೊಂಡಿತು. ಇನ್ನಷ್ಟು ಗಟ್ಟಿಯಾಗಿ ಎಂದಳು. ಹಿಂದಿರುಗಿ ಏನೂ ಬರಲಿಲ್ಲ.

ಹತ್ತಿಯೊಂದು ಕಡೆ ಸಡಿಲವಾಗಿತ್ತು. ಅದರ ಹಿಂದೆ, ಬಿದಿರಿನ ಸುತ್ತಿಗೆ ಅಂಟಿಕೊಂಡು, ಒಂದು ಗೂಡು. ಬೋರಲಿಂಗಯ್ಯ ಗೂಡು ಬಿಡಿಸುವಾಗ ಕಣ್ಣು ತಪ್ಪಿ ಉಳಿದದ್ದಿರಬೇಕು; ಹಳದಿ ಹೋಗಿ ಬೂದುಬಣ್ಣಕ್ಕೆ ತಿರುಗಿತ್ತು. ಎಲ್ಲಿಯೂ ತೂತಿರಲಿಲ್ಲ. ಚಿಟ್ಟೆ ಹೊರಗೆ ಬಂದಿರಲಿಲ್ಲ. ಈ ಕೋಣೆಯಲ್ಲಿ ಹಾಡಿದ್ದೆಲ್ಲವೂ ವರ್ಷಗಟ್ಟಲೆ ಅದರ ಪಕ್ಕದಲ್ಲೇ ಒಳಗೆ ಹೋಗಿತ್ತು.

ಉಗುರಿನಿಂದ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡಳು. ಭಾರವೇ ಇರಲಿಲ್ಲ.

ಕೆಳಗೆ ಗಂಡಸರು ಹಿಂದಿರುಗಿದರು. ಮೆಷಿನ್ನೊಂದು ಶುರುವಾಯಿತು, ಅದರ ಹಿಂದೆ ಇನ್ನೊಂದು. ನೆಲ ನಡುಗತೊಡಗಿತು. ಮೆಟ್ಟಿಲ ಮೇಲೆ ಮನೋಹರನ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು.

ಮಿಸ್ಬಾ ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಒಳಗೆ ಒಣಗಿದ್ದೇನೋ ಗೋಡೆಯಿಂದ ಗೋಡೆಗೆ ಹೋಗಿ ತಾಗಿತು.

ಆ ಸದ್ದು ಯಾರದೆಂದು ಗುರುತು ಸಿಗದೆ, ಮತ್ತೊಮ್ಮೆ ಅಲ್ಲಾಡಿಸಿದಳು.